ಬಿಳಿಗಿರಿ ಬೆಟ್ಟದ ಒಂದು ಪೋಡು

ಈ ಸ್ಮರಣಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿನಿಯರ ಹೆಸರುಗಳನ್ನು ಪ್ರಕಟಿಸಬೇಕೆಂಬ ಉದ್ದೇಶದಿಂದ ಕಳೆದ ದಸರಾ ರಜೆಯಲ್ಲಿ ನಾವು ಶಾಲೆಯ ದಾಖಲೆ ಪುಸ್ತಕಗಳನ್ನೆಲ್ಲ ಬೀರುವಿನಿಂದ ಹೊರತೆಗೆದು ಕುಳಿತೆವು. ವಿಳಾಸಗಳಲ್ಲಿ ಬಹುಪಾಲು ನಮ್ಮ ನೆರೆಹೊರೆಯವೇ ಆಗಿದ್ದುವು. ರಿಚರ್ಡ್ಸ್ ಟೌನು, ಫ್ರೇಜರ್ ಟೌನು, ಕಾಕ್ಸ್ ಟೌನು, ಹಲಸೂರು, ದೂರವೆಂದರೆ ಕೃಷ್ಣರಾಜಪುರ. ಬೀದಿಯ ಹೆಸರು, ಅಡ್ಡರಸ್ತೆಯ ಸಂಖ್ಯೆ, ಮನೆಯ ಸಂಖ್ಯೆ ಎಲ್ಲವೂ ಕ್ರಮವಾಗಿ ಬರೆಯಲ್ಪಟ್ಟಿದ್ದುವು. ಹೀಗೆ ಓದುತ್ತಿರಲು, ಬೀದಿಯೂ ಇಲ್ಲದ ಸಂಖ್ಯೆಯೂ ಇಲ್ಲದ ಒಂದು ವಿಳಾಸವು ಕಣ್ಣಿಗೆ ಬಿದ್ದಿತು. ಒಂದು ಪೋಡಿನ ಹೆಸರು, ಬಿಳಿಗಿರಿರಂಗನ ಬೆಟ್ಟದ ಅಂಚೆ, ಯಳಂದೂರು ತಾಲ್ಲೂಕು, ಇಷ್ಟೇ. ಅದರ ಎದುರಿಗೆ ಕೆಂಪು ಮಸಿಯಲ್ಲಿ, 'ಓದಿನಲ್ಲಿ ಆಸಕ್ತಿಯಿಲ್ಲದೆ ಶಾಲೆಯನ್ನು ಬಿಟ್ಟಳು' ಎಂದು ಬರೆದಿತ್ತು. ಅಕ್ಷರವು ನಮ್ಮದೇ.

ಆ ಹುಡುಗಿಯು 2013ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಎಂಟನೆಯ ತರಗತಿಗೆ ಬಂದವಳು. ಬೆಟ್ಟದ ಕಡೆಯ ಪರಿಚಯವಿದ್ದ ದಾದಿಯೊಬ್ಬರು ಆಕೆಯನ್ನು ಕರೆತಂದು ನಮ್ಮ ಬೋರ್ಡಿಂಗಿನಲ್ಲಿ ಬಿಟ್ಟುಹೋಗಿದ್ದರು. ಆಗ ನಾವು ಬೋರ್ಡಿಂಗಿನ ಮೇಲ್ವಿಚಾರಣೆಯನ್ನೂ ಕನ್ನಡ ಪಾಠವನ್ನೂ ನೋಡಿಕೊಳ್ಳುತ್ತಿದ್ದೆವು. ಮರುವರ್ಷ ದಸರಾ ರಜೆಗೆ ಹೋದ ಹುಡುಗಿಯು ಹಿಂದಿರುಗಲಿಲ್ಲ. ಎರಡು ಪತ್ರಗಳನ್ನು ಬರೆದೆವು, ಉತ್ತರ ಬರಲಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ದಾಖಲೆಯಲ್ಲಿ ಕಾರಣವನ್ನು ಕಾಣಿಸಬೇಕಾದುದರಿಂದ ಮೇಲಣ ವಾಕ್ಯವನ್ನು ಬರೆದು ಪುಸ್ತಕವನ್ನು ಮುಚ್ಚಿದೆವು. ಹತ್ತು ವರ್ಷಗಳಿಗೂ ಮೀರಿದ ಮೇಲೆ ಆ ವಾಕ್ಯವನ್ನು ಮತ್ತೆ ಓದಿದಾಗ, ಅದು ನಮಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆಯು ಹುಟ್ಟಿತು. ಯಾರೂ ನಮಗೆ ಹಾಗೆ ಹೇಳಿರಲಿಲ್ಲ.

ಅದೇ ವಿಳಾಸಕ್ಕೆ ಮೂರನೆಯ ಪತ್ರವೊಂದನ್ನು ಬರೆದೆವು. ಮೂರು ವಾರಗಳು ಕಳೆದ ಮೇಲೆ ಒಂದು ಸಂಜೆ ದೂರವಾಣಿಯಲ್ಲಿ, "ಮಿಸ್, ನಾನೇ. ಕಾಗದ ಬಂತು. ಒಂದು ಸಲ ನಮ್ಮ ಪೋಡಿಗೆ ಬನ್ನಿ" ಎಂಬ ಧ್ವನಿಯು ಕೇಳಿಸಿತು. ಅದರಂತೆ ಜನವರಿ ತಿಂಗಳ ಒಂದು ಶನಿವಾರ ಇಬ್ಬರು ಉಪಾಧ್ಯಾಯಿನಿಯರೊಡನೆ ಹೊರಟೆವು. ಆಕೆಯ ಹೆಸರನ್ನೂ ಪೋಡಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಬರೆಯುವುದು ಬೇಡವೆಂದು ಆಕೆಯೇ ಕೇಳಿಕೊಂಡಿದ್ದಾಳೆ.

ಬೆಂಗಳೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 180 ಕಿಲೋಮೀಟರುಗಳ ದಾರಿ. ಕತ್ತಲಿರುವಾಗಲೇ ಮೋಟಾರಿನಲ್ಲಿ ಹೊರಟು, ಕನಕಪುರ ಮಳವಳ್ಳಿಗಳನ್ನು ಹಾದು, ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿ, ಕೊಳ್ಳೇಗಾಲದ ಮೇಲೆ ಯಳಂದೂರನ್ನು ತಲಪಿದೆವು. ಅಲ್ಲಿಂದ ಮುಂದೆ ಬಯಲು ಮುಗಿದು ಅಡವಿಯು ಮೊದಲಾಗುತ್ತದೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಯಿಸಿ, ಸಂಜೆ ಗೇಟು ಮುಚ್ಚುವ ಮೊದಲೇ ಇಳಿದು ಬರತಕ್ಕದ್ದೆಂಬ ಎಚ್ಚರಿಕೆಯನ್ನು ಕೇಳಿಕೊಂಡು ಬೆಟ್ಟವನ್ನು ಹತ್ತಿದೆವು. ದಾರಿಯ ನಡುವೆ ಆನೆಗಳು ರಸ್ತೆ ದಾಟುವ ತನಕ ಅರ್ಧ ಗಂಟೆ ನಿಲ್ಲಬೇಕಾಯಿತು. ನಮ್ಮ ಜೊತೆಯ ಉಪಾಧ್ಯಾಯಿನಿಯರಿಗೆ ಅದೊಂದು ವಿನೋದವಾಗಿತ್ತು. ಅದೇ ದಾರಿಯಲ್ಲಿ ನಿತ್ಯವೂ ಶಾಲೆಗೆ ಹೋಗತಕ್ಕ ಮಕ್ಕಳಿಗೆ ಅದು ಏನಾಗಿರಬಹುದೆಂದು ನಾವು ಆಗ ಯೋಚಿಸಲಿಲ್ಲ, ಹಿಂದಿರುಗುವಾಗ ಯೋಚಿಸಿದೆವು.

ಈ ಬೆಟ್ಟದ ಮೂಲನಿವಾಸಿಗಳು ಸೋಲಿಗರು. ಅವರ ವಸತಿಗೆ ಪೋಡು ಎಂದು ಹೆಸರು. ಹಿಂದೆ ಅವರು ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು ರಾಗಿಯನ್ನು ಬಿತ್ತಿ, ಕೆಲವು ವರ್ಷಗಳ ಮೇಲೆ ಅದನ್ನು ಬಿಟ್ಟು ಬೇರೊಂದು ಕಡೆಗೆ ಹೋಗುತ್ತಿದ್ದರು. 1974ನೆಯ ಇಸವಿಯಲ್ಲಿ ಬೆಟ್ಟವು ವನ್ಯಜೀವಿಧಾಮವಾದ ಮೇಲೆ ಆ ಬೇಸಾಯವು ನಿಂತು, ಪೋಡುಗಳು ಒಂದೊಂದು ಕಡೆಯಲ್ಲಿ ನೆಲೆಯಾಗಿ ನಿಂತುವು. ಭಾರ್ಗವಿ ಹೊಳೆಯ ದಂಡೆಯಲ್ಲಿರುವ ದೊಡ್ಡ ಸಂಪಿಗೆ ಮರವು ಅವರಿಗೆ ಪೂಜ್ಯವಾದುದು. ಬೆಟ್ಟದ ರಂಗನಾಥನು ಸೋಲಿಗರ ಹೆಣ್ಣಾದ ಕುಸುಮಾಲೆಯನ್ನು ಮದುವೆಯಾದನೆಂಬ ಕಥೆಯಿರುವುದರಿಂದ, ಆತನನ್ನು ಅವರು ಭಾವನೆಂದೇ ಕರೆಯುತ್ತಾರೆ. ಡಾಕ್ಟರ್ ಎಚ್. ಸುದರ್ಶನರವರು ಇಲ್ಲಿಗೆ ಬಂದು 1981ನೆಯ ಇಸವಿಯಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ವೈದ್ಯಸಹಾಯವನ್ನೂ ಕ್ರಮೇಣ ಶಾಲೆಯನ್ನೂ ನಡೆಸಿದ ವಿಷಯವನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಮಿಷನ್ನಿನ ಶಾಲೆಗಳಲ್ಲಿ ಬೆಳೆದ ನಮ್ಮಂಥವರು ಸಂತೋಷದಿಂದ ಒಪ್ಪಿಕೊಳ್ಳಬೇಕಾದ ಸೇವೆ ಅದು.

ಹುಡುಗಿಯು—ಈಗ ಎರಡು ಮಕ್ಕಳ ತಾಯಿ, ಆದರೂ ನಮಗೆ ಹುಡುಗಿಯೇ—ರಸ್ತೆಯ ತನಕ ಬಂದು ಕಾದಿದ್ದಳು. ಅಲ್ಲಿಂದ ಕಾಲುದಾರಿ. ಮನೆಯ ಅಂಗಳದಲ್ಲಿ ಕಾಫಿ ಹಣ್ಣುಗಳನ್ನು ಒಣಹಾಕಿದ್ದರು. ಈ ಪೋಡುಗಳಲ್ಲಿ ಅನೇಕ ಸಂಸಾರಗಳು ಮನೆಯ ಸುತ್ತಣ ತುಂಡು ನೆಲದಲ್ಲಿ ಕಾಡಿನ ಮರಗಳ ನೆರಳಿನ ಕೆಳಗೆ ಕಾಫಿಯನ್ನು ಬೆಳೆಯುತ್ತವೆ. ಆಕೆಯ ತಾಯಿಯು ಜಗುಲಿಯ ಮೇಲೆ ಚಾಪೆಯನ್ನು ಹಾಸಿ, "ಕೂತ್ಕಳಿ ಅವ್ವ, ದೂರದಿಂದ ಬಂದಿದ್ದೀರಿ" ಎಂದು ಬೆಲ್ಲದ ಕಾಫಿಯನ್ನು ಕೊಟ್ಟಳು. ಮಧ್ಯಾಹ್ನ ರಾಗಿಮುದ್ದೆಯೂ ಸೊಪ್ಪಿನ ಸಾರೂ ಆದುವು. ಊಟವಾದ ಮೇಲೆ ಒಂದು ಬಟ್ಟಲಲ್ಲಿ ಹೆಜ್ಜೇನು ತುಪ್ಪವನ್ನು ತಂದಿಟ್ಟು, ಇದು ಯಾವ ಹೂವಿನದು ಬಲ್ಲಿರಾ ಎಂದು ಆ ತಾಯಿಯು ನಮ್ಮನ್ನು ಕೇಳಿದಳು. ನಮಗೆ ತಿಳಿಯಲಿಲ್ಲ. ಆಕೆಯು ನಕ್ಕು, ಯಾವ ತಿಂಗಳಲ್ಲಿ ಯಾವ ಮರ ಹೂಬಿಡುವುದು, ಆಗ ಜೇನಿನ ಬಣ್ಣವೇನು ರುಚಿಯೇನು ಎಂಬುದನ್ನು ಒಂದೊಂದಾಗಿ ಹೇಳಿದಳು. ಮೂವರು ಉಪಾಧ್ಯಾಯಿನಿಯರು ವಿದ್ಯಾರ್ಥಿನಿಯರಂತೆ ಕುಳಿತು ಕೇಳಿದೆವು.

ತರುವಾಯ ನಾವು ಬಂದ ಕಾರ್ಯವನ್ನು ಎತ್ತಿದೆವು. "ನೀನು ಶಾಲೆಯನ್ನು ಏಕೆ ಬಿಟ್ಟೆ, ಮಗಳೇ? ಓದು ನಿನಗೆ ಹಿಡಿಸಲಿಲ್ಲವೇ?" ಎಂದೆವು. ಆಕೆಯು ಉತ್ತರ ಹೇಳದೆ ಒಳಗೆ ಹೋಗಿ, ಅಟ್ಟದ ಮೇಲಣ ತಗಡಿನ ಪೆಟ್ಟಿಗೆಯಿಂದ ಒಂದು ನೋಟುಪುಸ್ತಕವನ್ನು ತಂದು ನಮ್ಮ ಕೈಯಲ್ಲಿಟ್ಟಳು. ಅದು ನಮ್ಮ ಶಾಲೆಯ ಪ್ರಬಂಧ ಪುಸ್ತಕ. 'ನನ್ನ ಊರು' ಎಂಬ ವಿಷಯದ ಮೇಲೆ ಆಕೆಯು ಒಂದು ಪುಟವನ್ನು ಬರೆದಿದ್ದಳು. 'ಪೋಡು' ಎಂಬ ಮಾತು ಬಂದಲ್ಲೆಲ್ಲ ಅದನ್ನು ಹೊಡೆದುಹಾಕಿ ಮೇಲೆ 'ಹಳ್ಳಿ' ಎಂದು ಕೆಂಪು ಮಸಿಯಲ್ಲಿ ಬರೆದಿತ್ತು. 'ರಂಗಪ್ಪ ನಮ್ಮ ಭಾವ' ಎಂಬ ವಾಕ್ಯದ ಪಕ್ಕದಲ್ಲಿ ದೊಡ್ಡದೊಂದು ಪ್ರಶ್ನೆಯ ಗುರುತು. ಮೂರು ಬಗೆಯ ಜೇನಿನ ಹೆಸರುಗಳನ್ನು ಬರೆದಿದ್ದ ಸಾಲಿನ ಕೆಳಗೆ 'ಊರಿನ ವಿಷಯವನ್ನು ಬರೆ' ಎಂದಿತ್ತು. ಪುಟದ ಕೊನೆಯಲ್ಲಿ, 'ವಿಷಯ ಸಾಲದು. ಹತ್ತಕ್ಕೆ ಮೂರು' ಎಂದು ನಮ್ಮ ಸಹಿ.

ನಮಗೆ ಮಾತು ಹೊರಡಲಿಲ್ಲ. ಆಕೆಯೇ ನಮ್ಮನ್ನು ಸಮಾಧಾನಪಡಿಸಿದಳು. "ಇದಕ್ಕಾಗಿ ಬಿಟ್ಟೆನೆಂದು ತಿಳಿಯಬೇಡಿ ಮಿಸ್. ಅವ್ವನಿಗೆ ಕಾಯಿಲೆಯಾಗಿತ್ತು. ಅಪ್ಪ ಇರಲಿಲ್ಲ. ತಮ್ಮ ಆಶ್ರಮ ಶಾಲೆಯಲ್ಲಿದ್ದ. ನನ್ನನ್ನು ಬೆಂಗಳೂರಿಗೆ ಕರೆತಂದು ಬಿಡಬೇಕಾದರೆ ಒಬ್ಬರು ಎರಡು ದಿನದ ಕೂಲಿಯನ್ನು ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬರಬೇಕಿತ್ತು. ನಿಮ್ಮ ಕಾಗದಗಳು ನಮ್ಮ ಕೈಗೆ ಬಂದಾಗ ಪರೀಕ್ಷೆಯೇ ಮುಗಿದಿತ್ತು. ಆದರೆ ಒಂದು ಮಾತು ನಿಜ. ಹಿಂದಕ್ಕೆ ಹೋಗೋಣವೇ ಎಂದು ಅವ್ವ ಕೇಳಿದಾಗ, ಬೇಡವೆಂದೆ. ಅಲ್ಲಿ ನನಗೆ ಗೊತ್ತಿದ್ದುದನ್ನು ಯಾರೂ ಕೇಳುತ್ತಿರಲಿಲ್ಲ." ಇಷ್ಟು ಹೇಳಿ, ಕಾಫಿ ಹಣ್ಣುಗಳನ್ನು ಕೈಯಾಡಿಸಿ ಬರುವೆನೆಂದು ಅಂಗಳಕ್ಕೆ ಇಳಿದಳು. ಮರುವರ್ಷ ಬೆಟ್ಟದ ಮೇಲಣ ಶಾಲೆಯಲ್ಲಿಯೇ ಸೇರಿ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದಳೆಂಬುದನ್ನು ಅನಂತರ ತಾಯಿಯಿಂದ ತಿಳಿದೆವು. ಓದಿನಲ್ಲಿ ಆಸಕ್ತಿಯಿಲ್ಲದವಳೆಂದು ನಾವು ಬರೆದ ಹುಡುಗಿಯು ಇವಳೇ.

ಮಧ್ಯಾಹ್ನ ಪೋಡನ್ನು ಸುತ್ತಿ ನೋಡಿದೆವು. ಸುಮಾರು ಮೂವತ್ತು ಮನೆಗಳು. ಕೆಲವು ಮನೆಗಳ ಮೇಲೆ ಸೂರ್ಯನ ಬೆಳಕಿನಿಂದ ದೀಪ ಉರಿಸುವ ಹಲಗೆಗಳಿದ್ದುವು. ದೂರವಾಣಿಯ ಸಂಪರ್ಕವು ಒಂದು ಬಂಡೆಯ ಮೇಲೆ ನಿಂತರೆ ಮಾತ್ರ ಸಿಕ್ಕುವುದೆಂದು ಮಕ್ಕಳು ನಮ್ಮನ್ನು ಅಲ್ಲಿಗೆ ಕರೆದೊಯ್ದು ತೋರಿಸಿದರು. ನಮ್ಮೊಡನೆ ಅಂದು ಮಾತನಾಡಿದ್ದೂ ಆ ಬಂಡೆಯ ಮೇಲಿಂದಲೇ. ಚಿಕ್ಕ ಮಕ್ಕಳಿಗೆ ಅಂಗನವಾಡಿ ಉಂಟು. ದೊಡ್ಡ ತರಗತಿಗಳಿಗೆ ಹೋಗತಕ್ಕವರು ಅಡವಿಯಲ್ಲಿ ನಡೆಯಬೇಕು, ಇಲ್ಲವೆ ವಿದ್ಯಾರ್ಥಿನಿಲಯದಲ್ಲಿರಬೇಕು. ಹೆರಿಗೆಯ ಸಮಯದಲ್ಲಿ ರಾತ್ರಿಯಾದರೆ ಮನೆಯವರಿಗೆಲ್ಲ ಭಯ. ಹೆಣ್ಣುಮಕ್ಕಳ ಓದು ನಿಲ್ಲುವುದು ಬಹುಮಟ್ಟಿಗೆ ದಾರಿಯ ಕಾರಣದಿಂದ ಎಂದು ಅಲ್ಲಿಯ ತಾಯಂದಿರು ಹೇಳಿದರು. ಓದು ನಿಂತ ಹುಡುಗಿಗೆ ಮದುವೆಯು ಬೇಗ ಬರುತ್ತದೆ.

ಇವರ ಜೀವನೋಪಾಯದ ಇತಿಹಾಸವನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಮಾತು ವಾಚಕರಿಗೆ ತಿಳಿಯಲಾರದು. ಬೇಸಾಯವು ನಿಂತ ಮೇಲೆ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಕಲ್ಲುಹೂವು ಮೊದಲಾದುವನ್ನು ತಂದು ಲ್ಯಾಂಪ್ಸ್ ಎಂಬ ಸಹಕಾರ ಸಂಘಕ್ಕೆ ಮಾರಿ ಬದುಕುತ್ತಿದ್ದರು. ವನ್ಯಜೀವಿ ಸಂರಕ್ಷಣೆಯ ಕಾನೂನಿಗೆ 2002ನೆಯ ಇಸವಿಯಲ್ಲಿ ತಿದ್ದುಪಡಿ ಬಂದುದರ ಫಲವಾಗಿ, 2006ರ ಸುಮಾರಿಗೆ ಮಾರಾಟಕ್ಕಾಗಿ ಅವನ್ನು ತೆಗೆಯುವುದೂ ನಿಂತಿತು. ಅದೇ 2006ನೆಯ ಇಸವಿಯಲ್ಲಿ ಪಾರ್ಲಿಮೆಂಟು ಅರಣ್ಯ ಹಕ್ಕುಗಳ ಕಾನೂನನ್ನು ಮಾಡಿತು. ಸೋಲಿಗರು ಗ್ರಾಮಸಭೆಗಳನ್ನು ಕೂಡಿಸಿ, ತಮ್ಮ ಪೂಜಾಸ್ಥಳಗಳನ್ನೂ ಜೇನಿನ ಬಂಡೆಗಳನ್ನೂ ನೀರಿನ ತಾಣಗಳನ್ನೂ ನಕ್ಷೆಯಲ್ಲಿ ಗುರುತಿಸಿ ಅರ್ಜಿಗಳನ್ನು ಸಲ್ಲಿಸಿದರು. ಬೆಟ್ಟವು 2011ನೆಯ ಇಸವಿಯ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಪತ್ರಗಳು ದೊರೆತುವು. ಹುಲಿಗಳಿಗಾಗಿ ಕಾಯ್ದಿಟ್ಟ ಅಡವಿಯೊಳಗೆ ಜನರಿಗೂ ಇಂಥ ಹಕ್ಕು ದೊರೆತುದು ದೇಶಕ್ಕೆ ಒಂದು ಮಾದರಿಯಾಯಿತು.

ಹಕ್ಕುಪತ್ರವು ಬಂದರೂ ಅಡವಿಯು ಮೊದಲಿನಂತೆ ಉಳಿದಿಲ್ಲ. ದಾರಿಯುದ್ದಕ್ಕೂ ಲಂಟಾನ ಗಿಡವು ಆಳೆತ್ತರ ಬೆಳೆದು, ಒಳಗೆ ಕಾಲಿಡದಂತೆ ಹೆಣೆದುಕೊಂಡಿರುವುದನ್ನು ಕಂಡೆವು. ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ನಮ್ಮ ದೇಶದ ತೋಟಗಳಿಗೆ ತಂದರು. ಹಿಂದೆ ನಾವು ವರ್ಷಕ್ಕೊಮ್ಮೆ ತರಗೆಲೆಗೆ ಚಿಕ್ಕ ಬೆಂಕಿಯನ್ನಿಟ್ಟು ಗಿಡಗಂಟಿಗಳನ್ನು ಅಂಕೆಯಲ್ಲಿಡುತ್ತಿದ್ದೆವು, ಆ ಪದ್ಧತಿಯನ್ನು ನಿಲ್ಲಿಸಿದ ಮೇಲೆ ಲಂಟಾನವು ಬೆಟ್ಟವನ್ನೇ ನುಂಗಿತು ಎಂದು ಸೋಲಿಗರ ಹಿರಿಯರು ಹೇಳುತ್ತಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿದ್ವಾಂಸರು ಈ ಮಾತನ್ನು ಅಲಕ್ಷಿಸದೆ ಪರಿಶೀಲಿಸಿ ಬರೆದಿದ್ದಾರೆ. ನಾವು ಪ್ರಶ್ನೆಯ ಗುರುತು ಹಾಕುವಂಥ ಮಾತುಗಳನ್ನು ಬೇರೆ ಕೆಲವರು ಬರೆದುಕೊಂಡು ಕಲಿತರು.

ನಮ್ಮ ಹುಡುಗಿಯ ಓದು ಪ್ರಯೋಜನಕ್ಕೆ ಬಂದುದು ಇಲ್ಲಿ. ಗ್ರಾಮಸಭೆಯು ಕೂಡಿದಾಗ ಸರ್ಕಾರದ ಕಾಗದಗಳನ್ನು ಗಟ್ಟಿಯಾಗಿ ಓದಿ ಹಿರಿಯರಿಗೆ ಅರ್ಥವನ್ನು ಹೇಳುವವಳೂ, ಅವರ ಉತ್ತರವನ್ನು ಬರೆಯುವವಳೂ ಇವಳೇ. ಸಂಜೆಯ ಹೊತ್ತು ಹತ್ತು ಹನ್ನೆರಡು ಮಕ್ಕಳನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಲೆಕ್ಕವನ್ನೂ ಬರಹವನ್ನೂ ಹೇಳಿಕೊಡುತ್ತಾಳೆ, ಇದಕ್ಕೆ ಸಂಬಳವಿಲ್ಲ. ಆ ಮಕ್ಕಳ ಪುಸ್ತಕಗಳನ್ನು ತಿರುವಿ ನೋಡಿದೆವು. ತಪ್ಪುಗಳನ್ನು ತಿದ್ದಿದ್ದಳು. 'ಪೋಡು' ಎಂಬ ಮಾತನ್ನು ಎಲ್ಲಿಯೂ ಹೊಡೆದಿರಲಿಲ್ಲ.

ಇಂಥ ದೂರದ ಊರುಗಳ ಭವಿಷ್ಯದ ಪ್ರಶ್ನೆಯು ನಮ್ಮ ನಾಡಿನಲ್ಲಿ ಮಾತ್ರ ಇರತಕ್ಕದ್ದಲ್ಲ. ಸಾವಿರಾರು ದ್ವೀಪಗಳ ಇಂಡೋನೇಷ್ಯ ದೇಶದಲ್ಲಿಯೂ ದೋಣಿಯಲ್ಲಿಯೋ ಕಾಲುನಡಿಗೆಯಲ್ಲಿಯೋ ತಲಪಬೇಕಾದ ಅಡವಿಯ ಹಳ್ಳಿಗಳು ಅಸಂಖ್ಯ. ಅಲ್ಲಿಯ ಸಂವಿಧಾನ ನ್ಯಾಯಾಲಯವು 2013ನೆಯ ಇಸವಿಯ ಮೇ ತಿಂಗಳಿನಲ್ಲಿ, ಮೂಲನಿವಾಸಿಗಳ ವಾಡಿಕೆಯ ಅಡವಿಗಳು ಸರ್ಕಾರದ ಅಡವಿಗಳಲ್ಲವೆಂದು ತೀರ್ಪು ಕೊಟ್ಟಿತು. ಮರುವರ್ಷ ಗ್ರಾಮಗಳ ಕಾನೂನೊಂದು ಆಗಿ, 2015ನೆಯ ಇಸವಿಯಿಂದ 70,000ಕ್ಕೂ ಮಿಕ್ಕ ಹಳ್ಳಿಗಳಿಗೆ ದೇಶದ ಬೊಕ್ಕಸದಿಂದ ಹಣವು ಹೋಗತೊಡಗಿತು. ಅದನ್ನು ರಸ್ತೆಗೆ ಬಳಸಬೇಕೋ ನೀರಿಗೆ ಬಳಸಬೇಕೋ ಎಂಬುದನ್ನು ಊರಿನವರು ಸಭೆ ಸೇರಿ ಚರ್ಚಿಸುವುದಕ್ಕೆ ಅವಕಾಶವಾಯಿತು. ಸಮುದ್ರದಾಚೆಯ ಆ ದೇಶವೂ ನಮ್ಮ ದೇಶವೂ ಒಂದೇ ಕಾಲದಲ್ಲಿ ಒಂದೇ ಪಾಠವನ್ನು ಓದುತ್ತಿರುವಂತೆ ತೋರುತ್ತದೆ. ಆದರೆ ಸಭೆಯಲ್ಲಿ ಕಾಗದವನ್ನು ಓದಬಲ್ಲವರು ಇಲ್ಲದಿದ್ದರೆ ಹಣವೂ ಹಕ್ಕೂ ಅನ್ಯರ ಕೈಗೆ ಹೋಗುವುದು ಸುಲಭ. ಹೀಗಿರುವುದರಿಂದಲೇ ಇದು ಶಾಲೆಗಳವರು ಯೋಚಿಸತಕ್ಕ ವಿಷಯವೆಂದು ಹೇಳುತ್ತೇವೆ.

ಹೊರಡುವ ಸಮಯದಲ್ಲಿ, "ನಿನ್ನ ಮಕ್ಕಳು ಇಲ್ಲಿಯೇ ಇರಬೇಕೆಂದು ನಿನ್ನ ಆಶೆಯೋ, ಪಟ್ಟಣಕ್ಕೆ ಬರಬೇಕೆಂದೋ?" ಎಂದು ಕೇಳಿದೆವು. ಪೋಡಿನ ತರುಣರಲ್ಲಿ ಕೆಲವರು ಕೊಡಗಿನ ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಹೋಗಿದ್ದಾರೆಂದು ಕೇಳಿದ್ದೆವು. ಆಕೆಯು ಸ್ವಲ್ಪ ಹೊತ್ತು ಯೋಚಿಸಿ, "ಬೇಕೆಂದಾಗ ಹೋಗುವ ಹಾಗೂ ಇರಬೇಕು, ಬೇಕೆಂದಾಗ ಬರುವ ಹಾಗೂ ಇರಬೇಕು ಮಿಸ್. ನಿಮ್ಮ ಬೋರ್ಡಿಂಗಿಗೆ ಹೋಗುವುದಕ್ಕೆ ದಾರಿ ಸಿಕ್ಕಿತು. ನಡುನಡುವೆ ಬಂದುಹೋಗುವುದಕ್ಕೆ ಸಿಕ್ಕಲಿಲ್ಲ" ಎಂದಳು. ಪಟ್ಟಣದ ಶಾಲೆಗೆ ಮಗುವನ್ನು ತಂದುಬಿಟ್ಟರೆ ನಮ್ಮ ಉಪಕಾರವು ಮುಗಿಯಿತೆಂದು ಇಷ್ಟು ವರ್ಷ ನಂಬಿದ್ದೆವು. ಆ ಮಗುವು ತನ್ನ ಊರನ್ನು ಮರೆಯದೆ, ನಾಚದೆ, ವರ್ಷದಲ್ಲಿ ನಾಲ್ಕು ಸಲ ಹೋಗಿಬರುವುದಕ್ಕೆ ಅನುಕೂಲ ಮಾಡುವುದೂ ವಿದ್ಯೆಯ ಒಂದು ಭಾಗವೆಂದು ಆಕೆಯಿಂದ ಕಲಿತೆವು.

ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ತಪ್ಪಿಹೋದ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಸಾಮ್ಯವನ್ನು ನಾವು ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಎಷ್ಟೋ ಬಾರಿ ಹೇಳಿಕೊಟ್ಟಿದ್ದೇವೆ. ಅಂದು ಬೆಟ್ಟವನ್ನು ಹತ್ತುವಾಗಲೂ ಅದು ಮನಸ್ಸಿನಲ್ಲಿತ್ತು. ನಾವೇ ಆ ಕುರುಬರೆಂಬ ಎಣಿಕೆಯೂ ಇತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಇಳಿಯುವಾಗ ಆ ಎಣಿಕೆಯು ಉಳಿದಿರಲಿಲ್ಲ. ಹುಡುಗಿಯು ತಪ್ಪಿಹೋಗಿರಲಿಲ್ಲ, ತನ್ನ ಮನೆಯಲ್ಲಿ ತನ್ನ ಜನರ ನಡುವೆ ಕೆಲಸ ಮಾಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಶಾಲೆಗೆ ಬಂದೊಡನೆ ದಾಖಲೆ ಪುಸ್ತಕವನ್ನು ತರಿಸಿದೆವು. ಹಳೆಯ ವಾಕ್ಯವನ್ನು ಅಳಿಸುವುದಕ್ಕೆ ನಿಯಮವು ಎಡೆಗೊಡದು. ಆದಕಾರಣ ಅದರ ಕೆಳಗೆ, 'ಮೇಲಿನ ಕಾರಣವು ವಿಚಾರಿಸದೆ ಬರೆದುದು. ಮನೆಯ ಕಷ್ಟದಿಂದಲೂ ದಾರಿಯ ದೂರದಿಂದಲೂ ನಮ್ಮ ಉದಾಸೀನದಿಂದಲೂ ಬಿಟ್ಟಳು. ಬೇರೆ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ್ದಾಳೆ' ಎಂದು ಬರೆದು ತಾರೀಖಿನೊಡನೆ ಸಹಿ ಮಾಡಿದೆವು. ಆ ವಾರ ಒಂಬತ್ತನೆಯ ತರಗತಿಗೆ 'ನನ್ನ ಊರು' ಎಂಬ ವಿಷಯವನ್ನೇ ಪ್ರಬಂಧಕ್ಕೆ ಕೊಟ್ಟೆವು. ಮನೆಯಲ್ಲಿ ಆಡುವ ಮಾತುಗಳನ್ನು ಹೆದರದೆ ಬರೆಯಬಹುದೆಂದೂ ಹೇಳಿದೆವು. ಎಂದೂ ಅರ್ಧ ಪುಟವನ್ನು ದಾಟದ ಇಬ್ಬರು ಬೋರ್ಡಿಂಗಿನ ಹುಡುಗಿಯರು ಮೂರು ಮೂರು ಪುಟಗಳನ್ನು ಬರೆದುಕೊಟ್ಟರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ನೀವು ವರ್ಷಂಪ್ರತಿ ಪ್ರೀತಿಯಿಂದ ಕಳುಹಿಸುವ ಸಹಾಯಕ್ಕೆ ನಾವು ಚಿರಋಣಿಗಳು. ಈ ವರ್ಷ ಅದರಲ್ಲಿ ಒಂದು ಭಾಗವನ್ನು ಹೊಸ ಉದ್ದೇಶಕ್ಕೆ ತೆಗೆದಿಡಬೇಕೆಂದು ನಿಶ್ಚಯಿಸಿದ್ದೇವೆ. ದೂರದ ಊರುಗಳಿಂದ ನಮ್ಮ ಬೋರ್ಡಿಂಗಿಗೆ ಬಂದ ಹುಡುಗಿಯರು ರಜೆಗಳಿಗೆ ಹೋಗಿಬರುವ ಬಸ್ಸಿನ ವೆಚ್ಚವನ್ನೂ, ಅವರನ್ನು ಕರೆದೊಯ್ಯಲು ಬರುವ ತಾಯಿ ಅಥವಾ ತಂದೆಯ ಪ್ರಯಾಣದ ಖರ್ಚನ್ನೂ, ಅವರು ಬಿಟ್ಟುಬರುವ ಎರಡು ದಿನದ ಕೂಲಿಯನ್ನೂ ಅದರಿಂದ ಕೊಡತಕ್ಕದ್ದು. ರಜೆಯಿಂದ ಹಿಂದಿರುಗದ ಹುಡುಗಿಯ ಮನೆಗೆ ಇನ್ನು ಮುಂದೆ ಪತ್ರವನ್ನು ಮಾತ್ರ ಕಳುಹಿಸಿ ಸುಮ್ಮನಿರಲಾಗದು. ನಮ್ಮಲ್ಲಿ ಒಬ್ಬರು ಹೋಗಿ ಬರುವರು. ಇದಕ್ಕೆ ನಿಮ್ಮ ನೆರವು ಬೇಕು.

ಹಳೆಯ ವಿದ್ಯಾರ್ಥಿನಿಯರ ಪಟ್ಟಿಯು ಈ ಸಂಚಿಕೆಯ ಕೊನೆಯಲ್ಲಿದೆ. ಬೆಟ್ಟದ ಹುಡುಗಿಯ ಒಪ್ಪಿಗೆಯನ್ನು ಪಡೆದು ಆಕೆಯ ಹೆಸರನ್ನೂ ಅದರಲ್ಲಿ, ಆಕೆಯ ತರಗತಿಯ ಸಂಗಾತಿಯರ ನಡುವೆ, ಇತರರಂತೆಯೇ ಸೇರಿಸಿದ್ದೇವೆ. ಅದು ಯಾವುದೆಂದು ಹುಡುಕಬೇಡಿರಿ. ಬರುವ ಹಳೆಯ ವಿದ್ಯಾರ್ಥಿನಿಯರ ದಿನಕ್ಕೆ, ಕಾಫಿಯ ಕೆಲಸ ಮುಗಿದಿದ್ದರೆ, ಬರುವೆನೆಂದು ಆಕೆಯು ಮಾತು ಕೊಟ್ಟಿದ್ದಾಳೆ. ಆ ದಿನ ಆಕೆಯು ನಮ್ಮ ಮಕ್ಕಳಿಗೆ ಜೇನಿನ ವಿಷಯವನ್ನು ಹೇಳಲಿ ಎಂದು ಬೇಡಿಕೊಂಡಿದ್ದೇವೆ. ಬೆಟ್ಟದ ಮಕ್ಕಳನ್ನೂ ಬಯಲಿನ ಮಕ್ಕಳನ್ನೂ ಒಂದೇ ಕೈಯಿಂದ ಕಾಯುವ ಕರ್ತನು ನಮ್ಮ ಶಾಲೆಯನ್ನೂ ನಿಮ್ಮೆಲ್ಲರ ಮನೆಗಳನ್ನೂ ಆಶೀರ್ವದಿಸಲಿ.

— ಮುಖ್ಯೋಪಾಧ್ಯಾಯಿನಿ